ಮಾಂತ್ರಿಕ ಕೊಟ್ಟ ಎರಡು ವರ್ಷ

ಒಳ್ಳೆಯ ಸಿನಿಮಾ ನೋಡುವಾಗ ನನಗೆ ನಿದ್ದೆ ಬರುತ್ತದೆ ಎಂದು ಒಪ್ಪಿಕೊಳ್ಳುವುದಕ್ಕೆ ಒಂದು ವಯಸ್ಸು ಬೇಕು. ನನಗೆ ಈಗ ಐವತ್ತೆರಡು. ಬಳ್ಳಾರಿಯ ಒಂದು ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡುತ್ತೇನೆ. ನಮ್ಮ ಸ್ಟಾಫ್ ರೂಮಿನಲ್ಲಿ ಸೋಮವಾರ ಬಂತೆಂದರೆ ಸಿನಿಮಾ ಚರ್ಚೆ ಶುರುವಾಗುತ್ತದೆ. ಯಾವುದೋ ಹಿಮ ಬೀಳುವ ದೇಶದಲ್ಲಿ ಒಬ್ಬ ಮುದುಕ ಎರಡೂವರೆ ಗಂಟೆ ಕಿಟಕಿಯಾಚೆ ನೋಡುತ್ತಾ ಕೂರುವ ಸಿನಿಮಾದ ಬಗ್ಗೆ ಇಂಗ್ಲಿಷ್ ವಿಭಾಗದವರು ಮಾತಾಡುವಾಗ ನಾನು ಗಂಭೀರವಾಗಿ ತಲೆಯಾಡಿಸುತ್ತೇನೆ. ಅದನ್ನು ನಾನೂ ನೋಡಲು ಕುಳಿತಿದ್ದೆ. ಮುದುಕ ಎದ್ದು ಕಿಟಕಿಯ ಹತ್ತಿರ ಹೋಗಿದ್ದು ನೆನಪಿದೆ. ಅದಾದ ಮೇಲೆ ನೆನಪಿರುವುದು ನನ್ನ ಹೆಂಡತಿ ವೀಣಾ ಭುಜ ಹಿಡಿದು ಅಲುಗಾಡಿಸಿ, ಕನ್ನಡಕ ಮುರಿದೀತು, ಒಳಗೆ ಹೋಗಿ ಮಲಗಿ ಎಂದದ್ದು. ನಡುವಿನ ಎರಡು ಗಂಟೆಯಲ್ಲಿ ಮುದುಕನಿಗೆ ಏನಾಯಿತೋ ತಿಳಿಯದು. ಆದರೂ ತಲೆಯಾಡಿಸುತ್ತೇನೆ. ತಲೆಯಾಡಿಸುವುದಕ್ಕೆ ಯಾರೂ ಅಡಿಟಿಪ್ಪಣಿ ಕೇಳುವುದಿಲ್ಲ.

ನನಗೆ ನಿದ್ದೆ ಬಾರದ ಸಿನಿಮಾಗಳ ಜಾತಿಯೇ ಬೇರೆ. ಅವುಗಳಲ್ಲಿ ಕೋಟೆಯ ಬಾಗಿಲು ಹಾಕಿದರೆ ಕೋಟೆಯೇ ಅಲುಗಾಡುತ್ತದೆ. ರಾಕ್ಷಸ ಕೈ ಎತ್ತಿ ಗಹಗಹಿಸಿದರೆ ತೋಳಿನ ಮೇಲೆ ಸಿಡುಬಿನ ಲಸಿಕೆಯ ಗುರುತು ಕಾಣುತ್ತದೆ. ಋಷಿಯ ಗಡ್ಡ ಗಾಳಿಗೆ ಒಂದು ದಿಕ್ಕಿಗೂ, ಋಷಿ ಇನ್ನೊಂದು ದಿಕ್ಕಿಗೂ ತಿರುಗುತ್ತಾರೆ. ಎರಡು ಬಾಣಗಳು ಆಕಾಶದಲ್ಲಿ ಎದುರಾಬದುರು ನಿಂತು, ನಮ್ಮ ಕೌಲ್ ಬಜಾರಿನ ಓಣಿಯಲ್ಲಿ ಎರಡು ಆಟೋಗಳು ನಿಂತ ಹಾಗೆ, ಯಾರು ಹಿಂದೆ ಸರಿಯಬೇಕೆಂದು ಬಹಳ ಹೊತ್ತು ವಿಚಾರ ಮಾಡುತ್ತವೆ. ಹಾರುವ ಮಂಚಕ್ಕೆ ಕಟ್ಟಿದ ದಾರ ಬೆಳಕು ಬಿದ್ದಾಗಲೆಲ್ಲ ಮಿನುಗುತ್ತದೆ. ಇನ್ನು ಮೊಸಳೆ. ಕೊಳದಲ್ಲಿ ಮೊಸಳೆ ಇಲ್ಲದ ಮಾಂತ್ರಿಕನ ಮನೆಯನ್ನು ನಾನು ನೋಡಿಲ್ಲ. ರಬ್ಬರಿನ ಆ ಪ್ರಾಣಿಗೆ ಹೊಟ್ಟೆಯ ಮೇಲೆ ಹೊಲಿಗೆ ಇರುತ್ತದೆ, ಅದು ಕಚ್ಚುವುದಿಲ್ಲ. ನಾಯಕನೇ ಅದರ ಬಾಯನ್ನು ಎರಡೂ ಕೈಯಿಂದ ತೆರೆದು, ಒಳಗೆ ತಲೆ ಇಟ್ಟು, ಕಾಪಾಡಿ ಎಂದು ಒದ್ದಾಡಬೇಕು. ಒಬ್ಬನೇ ಎರಡು ಪಾತ್ರ ಮಾಡುವ ಆ ನಟನ ಕಷ್ಟ ನೋಡಿ ನನ್ನ ಕಣ್ಣು ತುಂಬಿದ್ದುಂಟು.

ಯಾಕೆ ಇಷ್ಟ ಎಂದು ನನ್ನನ್ನು ನಾನು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಡೈರಿಯಲ್ಲಿ ಈ ಬಗ್ಗೆ ನಾಲ್ಕೈದು ಕಡೆ ಬರೆದುಕೊಂಡಿದ್ದೇನೆ, ಪ್ರತಿ ಸಲ ಬೇರೆ ಬೇರೆ ಉತ್ತರ. ಈಗ ಹೊಳೆಯುತ್ತಿರುವುದು ಇದು: ಆ ಸಿನಿಮಾ ಮಾಡಿದವರ ಹತ್ತಿರ ದುಡ್ಡಿರಲಿಲ್ಲ, ಆದರೆ ನಾಚಿಕೆಯೂ ಇರಲಿಲ್ಲ. ಇರುವ ರಟ್ಟು, ಬಣ್ಣ, ಹೊಗೆ ಇಟ್ಟುಕೊಂಡು, 'ನಾವು ಇಷ್ಟು ತಂದಿದ್ದೇವೆ, ಉಳಿದದ್ದು ನೀವು ಹಾಕಿಕೊಳ್ಳಿ' ಎಂದು ನಮ್ಮನ್ನು ಕೇಳಿಕೊಂಡರು. ಬಡ ನೆಂಟರ ಮನೆಯ ಊಟದ ಹಾಗೆ. ದೊಡ್ಡ ಬಜೆಟ್ಟಿನ ಈಗಿನ ಸಿನಿಮಾದಲ್ಲಿ ಮೊಸಳೆಯ ಚರ್ಮದ ಒಂದೊಂದು ಹುರುಪೆಯೂ ನಿಜವಾಗಿ ಕಾಣುತ್ತದೆ. ಅಲ್ಲಿ ಪ್ರೇಕ್ಷಕನಿಗೆ ಕೆಲಸವೇ ಇಲ್ಲ, ಕುಳಿತು ಹೆದರಿದರೆ ಆಯಿತು. ಇಲ್ಲಿ ಹಾಗಲ್ಲ. ದಾರ ಕಾಣುತ್ತದೆ, ಕಂಡರೂ ಕಾಣದ ಹಾಗೆ ನೋಡುವುದು ನಮ್ಮ ಪಾಲಿನ ಕೆಲಸ. ಮಂಚ ಹಾರಿದರೆ ಅದರಲ್ಲಿ ಅರ್ಧ ಪುಣ್ಯ ನಮ್ಮದು.

ಇದು ತತ್ವವಾಯಿತು. ನಿಜವಾದ ಕಾರಣ ಇನ್ನೊಂದಿದೆ. ಅದನ್ನು ನಾನು ನಲವತ್ತಮೂರು ವರ್ಷ ಯಾರಿಗೂ ಹೇಳಿರಲಿಲ್ಲ.

ನಮ್ಮ ಊರು ಸಿರುಗುಪ್ಪ ತಾಲ್ಲೂಕಿನ ರಾರಾವಿ. ನನಗೆ ಏಳು ತುಂಬುವ ಹೊತ್ತಿಗೆ, ಓದಲಿ ಎಂದು ಅಪ್ಪ ನನ್ನನ್ನು ಬಳ್ಳಾರಿಯ ಕೌಲ್ ಬಜಾರಿನಲ್ಲಿದ್ದ ಸೋದರಮಾವನ ಮನೆಗೆ ಕಳಿಸಿದರು. ಎರಡು ವರ್ಷ ಅಲ್ಲಿದ್ದೆ. ಓದು ಎಷ್ಟು ಬಂತೋ ಗೊತ್ತಿಲ್ಲ, ಪಕ್ಕದ ಮನೆಯವರ ತೆಲುಗು, ಎದುರು ಮನೆಯವರ ಉರ್ದು ಎರಡೂ ಬಂದವು. ರಾರಾವಿಯಲ್ಲಿ ತೆಲುಗು ಬಾರದವರು ಇದ್ದರೆಂದಲ್ಲ. ಗಡಿ ಊರು, ಮೆಣಸಿನಕಾಯಿ ಕೊಳ್ಳುವ, ಕೂಲಿ ಮಾತಾಡುವ, ಜಗಳ ಕಾಯುವ ತೆಲುಗು ಎಲ್ಲರಿಗೂ ಬರುತ್ತಿತ್ತು. ಆದರೆ ರಾಕ್ಷಸರ ತೆಲುಗು ಬೇರೆ. ಅದರಲ್ಲಿ ಉದ್ದುದ್ದ ಶಬ್ದಗಳು, ಹಳೆಯ ಕಾಲದ ಬಾಗುಬಳುಕು. ಮಾಂತ್ರಿಕ ಒಂದು ಮಾತು ಮುಗಿಸುವಷ್ಟರಲ್ಲಿ ನಮ್ಮ ಓಣಿಯ ಹೆಂಗಸರು ಒಂದು ಎಲೆ ಅಡಿಕೆ ಮುಗಿಸುತ್ತಿದ್ದರು. ಹಾಗಾಗಿ ನಾನು ರಜೆಗೆ ಊರಿಗೆ ಬಂದಾಗ, ಅವ್ವ ಓಣಿಯ ಏಳೆಂಟು ಹೆಂಗಸರನ್ನು ಕೂಡಿಸಿಕೊಂಡು ಸಿರುಗುಪ್ಪಕ್ಕೆ ಸಿನಿಮಾಕ್ಕೆ ಹೊರಟರೆ, ಕತೆ ಹೇಳುವುದಕ್ಕೆಂದು ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದಳು. ತೆರೆಯ ಮೇಲಿನವರು ತೆಲುಗಿನಲ್ಲಿ ಮಾತಾಡಬೇಕು, ನಾನು ಬೆಂಚಿನ ಮೇಲೆ ನಿಂತು ಅದನ್ನು ಕನ್ನಡದಲ್ಲಿ ಹೇಳಬೇಕು. ಇದಕ್ಕೆ ಪ್ರತಿಯಾಗಿ ಇಂಟರ್ವಲ್ಲಿನಲ್ಲಿ ಒಗ್ಗರಣೆ ಮಂಡಕ್ಕಿ ಮತ್ತು ಮಿರ್ಚಿ ಬಜ್ಜಿ.

ಆ ಟಾಕೀಸಿಗೆ ತಗಡಿನ ಮಾಡು. ಮಧ್ಯಾಹ್ನದ ಆಟದಲ್ಲಿ ಮೊಳೆ ಹೊಡೆದ ತೂತುಗಳಿಂದ ಬಿಸಿಲು ಇಳಿದು ತೆರೆಯ ಮೇಲಿನ ಅರಮನೆಯ ತುಂಬ ಬೆಳ್ಳಿಯ ಚುಕ್ಕೆಗಳು ಬೀಳುತ್ತಿದ್ದವು. ಪಕ್ಕದಲ್ಲೇ ರೈಸ್ ಮಿಲ್ಲು. ಅದರ ಬೆಲ್ಟಿನ ಧಬಧಬ ಸದ್ದು ಗೋಡೆ ದಾಟಿ ಬಂದು ರಾಕ್ಷಸನ ಹೆಜ್ಜೆಗೆ ಹೊಂದಿಕೊಳ್ಳುತ್ತಿತ್ತು. ಒಂದು ಸಲ ಮಿಲ್ಲು ನಿಂತಾಗ, ರಾಕ್ಷಸ ಸಪ್ಪಳವಿಲ್ಲದೆ ನಡೆದುಬಂದದ್ದನ್ನು ನೋಡಿ ನಾವು ಇನ್ನೂ ಹೆಚ್ಚು ಹೆದರಿದ್ದೆವು.

ಅಲ್ಲಿ ನೋಡಿದ್ದು ಒಂದು ಸಿನಿಮಾ. ಹೆಸರು ನನಗೂ ನೆನಪಿರಲಿಲ್ಲ. ನಮ್ಮ ಮನೆಯಲ್ಲಿ ಅದು 'ಮೊಸಳಿ ಸಿನಿಮಾ'. ಮಾಂತ್ರಿಕ ರಾಜಕುಮಾರಿಯನ್ನು ಮಂಚದ ಸಮೇತ ಹಾರಿಸಿಕೊಂಡು ಹೋಗಿ ಗುಹೆಯಲ್ಲಿಡುತ್ತಾನೆ, ನನ್ನನ್ನು ಮದುವೆಯಾಗು ಎನ್ನುತ್ತಾನೆ. ಆಕೆ ಏನೋ ಹೇಳುತ್ತಾಳೆ. ಮಾಂತ್ರಿಕ ಗಡ್ಡ ನೀವಿಕೊಂಡು, ಆಗಲಿ ಎಂದು ಒಪ್ಪುತ್ತಾನೆ. ಆಕೆ ಏನು ಹೇಳಿದಳೋ ನನಗೆ ತಿಳಿಯಲಿಲ್ಲ. ಹೆಂಗಸರೆಲ್ಲ ನನ್ನ ಕಡೆ ತಿರುಗಿ ಕಾಯುತ್ತಿದ್ದಾರೆ. ಒಂಬತ್ತು ವರ್ಷದ ನನಗೆ, ಮನಸ್ಸಿಲ್ಲದ ಕೆಲಸವನ್ನು ಮುಂದೂಡಲು ಗೊತ್ತಿದ್ದ ನೆವ ಒಂದೇ. ಅದನ್ನೇ ಹೇಳಿಬಿಟ್ಟೆ: 'ನನ್ನ ಓದು ಇನ್ನೂ ಎರಡು ವರ್ಷ ಐತಿ. ಅದು ಮುಗೀಲಿ, ಆಮ್ಯಾಲ ಮದುವಿ ಮಾತು.'

ಆ ವರ್ಷ ನನ್ನ ಅಕ್ಕ ಪಂಪಾವತಿಗೆ ಹದಿನೇಳು. ಪಂಪಕ್ಕನಿಗೆ ಗಂಡು ಗೊತ್ತಾಗಿತ್ತು, ಮಾತುಕತೆ ಮುಗಿಯುತ್ತಾ ಬಂದಿತ್ತು. ಅಂದು ಆಕೆಯೂ ಅವ್ವನ ಪಕ್ಕದಲ್ಲಿ ಕುಳಿತು ಸಿನಿಮಾ ನೋಡಿದ್ದಳು. ಮನೆಗೆ ಬಂದ ಅವ್ವ, ಅಪ್ಪನ ಮುಂದೆ ನೀರಿನ ತಂಬಿಗೆ ಇಟ್ಟು, ಸಿನಿಮಾದ ಕತೆಯನ್ನೆಲ್ಲ ಹೇಳಿದಳಂತೆ. ಕೊನೆಗೆ ಇಷ್ಟು ಸೇರಿಸಿದಳಂತೆ: 'ಅಂಥಾ ಮಾಂತ್ರಿಕನ ಎರಡು ವರ್ಷ ತಡದ. ನಾವು ತಡಿಯಾಕ ಆಗೂದಿಲ್ಲೇನು?' ಬೆಳಿಗ್ಗೆ ಅಪ್ಪ, ಮದುವೆ ಈಗಲೇ ಬೇಡವೆಂದು ಗಂಡಿನ ಕಡೆಯವರಿಗೆ ಹೇಳಿಕಳಿಸಿದರು. ಪಂಪಕ್ಕ ಟೀಚರ್ ಟ್ರೇನಿಂಗ್ ಸೇರಿದಳು, ಟೀಚರಾದಳು, ಆಮೇಲೆ ಕುರುಗೋಡಿನವರನ್ನು ಮದುವೆಯಾಗಿ ಅಲ್ಲಿಯ ಶಾಲೆಗೆ ವರ್ಗ ಮಾಡಿಸಿಕೊಂಡು, ಹೆಡ್‌ಮಿಸ್ಟ್ರೆಸ್ ಆಗಿ ಈಗ ಕೆಲವು ತಿಂಗಳ ಹಿಂದೆ ನಿವೃತ್ತಳಾದಳು.

ಅಂದರೆ ನನ್ನ ಅಕ್ಕನ ಇಡೀ ಬದುಕು ನನ್ನ ಕೆಟ್ಟ ತೆಲುಗಿನ ಮೇಲೆ ನಿಂತಿದೆ. ಇದು ನನಗೆ ಕಾಲೇಜಿಗೆ ಬಂದ ಮೇಲೆ ಹೊಳೆಯಿತು. ಹೊಳೆದಾಗ ಮೊದಲು ಹೆದರಿಕೆಯಾಯಿತು. ಆಮೇಲೆ, ಸುಳ್ಳು ಯಾಕೆ, ಒಳಗೊಳಗೇ ಹೆಮ್ಮೆಯಾಯಿತು. ಪಂಪಕ್ಕನಿಗೆ ಹಾರ ಹಾಕಿ ಶಾಲು ಹೊದಿಸಿದ ಬೀಳ್ಕೊಡುಗೆ ಸಮಾರಂಭದಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು, ಆ ಶಾಲಿನ ಒಂದು ತುದಿಯಾದರೂ ನನ್ನದಲ್ಲವೇ ಎಂದುಕೊಂಡಿದ್ದೆ. ಅಂದು ಆಕೆ ಭಾಷಣದಲ್ಲಿ, ಮೂವತ್ತೈದು ವರ್ಷದಿಂದ ಹೆಣ್ಣುಮಕ್ಕಳಿಗೆ ಹೇಳಿಕೊಂಡು ಬಂದಿದ್ದ ಮೊಸಳಿ ಸಿನಿಮಾದ ರಾಜಕುಮಾರಿಯ ಕತೆಯನ್ನೇ ಮತ್ತೆ ಹೇಳಿದಳು. ನಾನು ತಲೆಯಾಡಿಸಿದೆ.

ಇಲ್ಲಿ ಒಂದು ಮಾತು. ನಾನು ನೆನಪನ್ನು ನಂಬುವವನಲ್ಲ. ಹಳೆಯದು ಎಂಬ ಒಂದೇ ಕಾರಣಕ್ಕೆ ಯಾವ ಆಧಾರವನ್ನೂ ಒಪ್ಪಬೇಡಿ ಎಂದು ವಿದ್ಯಾರ್ಥಿಗಳಿಗೆ ಮೊದಲ ದಿನವೇ ಹೇಳುತ್ತೇನೆ. ಅದಕ್ಕಾಗಿಯೇ ಒಂಬತ್ತನೆಯ ವಯಸ್ಸಿನಿಂದ ಡೈರಿ ಬರೆದುಕೊಂಡು ಬಂದಿದ್ದೇನೆ, ಎಲ್ಲ ನೋಟ್‌ಬುಕ್ಕುಗಳೂ ಟ್ರಂಕಿನಲ್ಲಿವೆ. ಆ ದಿನದ ಪುಟವನ್ನು ಬಹಳ ಸಲ ತೆಗೆದು ನೋಡಿದ್ದೇನೆ. ಪೆನ್ಸಿಲ್ಲಿನಲ್ಲಿ ಹೀಗಿದೆ: 'ಸಿರುಗುಪ್ಪಕ್ಕೆ ಹೋಗಿದ್ದೆವು. ಸಿನಿಮಾ ನೋಡಿದೆವು. ಚೆನ್ನಾಗಿತ್ತು. ಮಿರ್ಚಿ ತಿಂದೆವು.' ರಾಜಕುಮಾರಿಯ ಸುದ್ದಿ ಇಲ್ಲ. ಆದರೆ ಸಿನಿಮಾ ನೋಡಿದ್ದಕ್ಕೆ ಲಿಖಿತ ಆಧಾರ ಇದೆಯಲ್ಲ. ಬೆಂಚಿನ ಮೇಲೆ ನಿಂತದ್ದು, ಬೆರಳಿಗೆ ಮಿರ್ಚಿಯ ಎಣ್ಣೆ ಹತ್ತಿದ್ದು, ನನ್ನದೇ ದನಿ ನನ್ನ ಕಿವಿಗೆ ಬಿದ್ದದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಹಾಗಾಗಿ ಈ ಒಂದು ನೆನಪಿಗೆ ಮಾತ್ರ ರಿಯಾಯಿತಿ ಕೊಟ್ಟಿದ್ದೆ.

ಹೋದ ತಿಂಗಳು ಪಂಪಕ್ಕ ಕಣ್ಣು ತೋರಿಸಲೆಂದು ನಮ್ಮ ಮನೆಗೆ ಬಂದು ಒಂದು ವಾರ ಇದ್ದಳು. ಬಂದವಳೇ ನನ್ನ ಮಗಳು ಪಲ್ಲವಿಯನ್ನು ಪಕ್ಕಕ್ಕೆ ಕೂಡಿಸಿಕೊಂಡು, ಫೋನಿನಲ್ಲಿ ಮೊಸಳಿ ಸಿನಿಮಾ ಹುಡುಕಿಕೊಡು ಅಂದಳು. ಹೆಸರು ಹೇಳು ಅತ್ತೆ, ಅಂದಳು ಪಲ್ಲವಿ. ಹೆಸರು ಗೊತ್ತಿಲ್ಲ, ರಬ್ಬರ್ ಮೊಸಳಿ, ಹಾರೋ ಮಂಚ, ಗುಹೆ ಅಂತ ಹಾಕು ಅಂದಳು ಅಕ್ಕ. ಇದರಿಂದ ಏನೂ ಆಗದೆಂದು ನಾನು ಪೇಪರ್ ಓದುತ್ತಾ ಕುಳಿತಿದ್ದೆ. ಐದು ನಿಮಿಷದಲ್ಲಿ ಪಲ್ಲವಿ ಅದನ್ನು ಹಿಡಿದು ತಂದಳು. ಯಾರೋ ಪುಣ್ಯಾತ್ಮರು ಇಡೀ ಸಿನಿಮಾ ಹಾಕಿದ್ದರು. ಭಾನುವಾರ ಟಿವಿಗೆ ಜೋಡಿಸಿ ಎಲ್ಲರೂ ಕೂತು ನೋಡೋಣ ಎಂದು ತೀರ್ಮಾನವಾಯಿತು.

ಅಕ್ಕನಿಗೆ ಯಾಕೆ ಈಗ ಅದು ಬೇಕಾಯಿತು ಎಂದು ಕೇಳಿದೆ. ಕುರುಗೋಡಿನ ಶಾಲೆಯಲ್ಲಿ ಮುಂದಿನ ವಾರದ ಶನಿವಾರ ತಾಯಂದಿರ ಸಭೆ. ಅಲ್ಲಿ ದೊಡ್ಡ ತೆರೆ ಇದೆ, ಸಿನಿಮಾ ತೋರಿಸುತ್ತೇನೆ ಅಂದಳು. ಎಲ್ಲ ತಾಯಂದಿರಿಗೂ ಅಂತಲ್ಲ, ಒಬ್ಬಳಿಗೆ. ಹುಲಿಗೆಮ್ಮ ಎಂಬಾಕೆ, ಅಕ್ಕನ ಹಳೆಯ ವಿದ್ಯಾರ್ಥಿನಿ. ಆಕೆಯ ದೊಡ್ಡ ಮಗಳು ಪಿಯುಸಿ ಮುಗಿಸಿದ್ದಾಳೆ, ನರ್ಸಿಂಗ್ ಸೀಟು ಸಿಕ್ಕಿದೆ, ಅಷ್ಟರಲ್ಲಿ ಗಂಡೂ ಸಿಕ್ಕಿದ್ದಾನೆ. ಹುಡುಗಿ ಬಂದು ಅಕ್ಕನ ಮುಂದೆ ಅತ್ತು ಹೋಗಿದ್ದಾಳೆ. 'ಹುಲಿಗೆಮ್ಮಗ ಉಪದೇಶ ಮಾಡಿದ್ರ ತಲಿಗೆ ಹೋಗೂದಿಲ್ಲ ತಮ್ಮಾ,' ಅಂದಳು ಅಕ್ಕ. 'ಸಾಲ್ಯಾಗೂ ಹಂಗ ಇದ್ಲು. ಕತಿ ಹೇಳಿದ್ರ ಮಾತ್ರ ಕಣ್ಣು ತೆರೀತಿದ್ಲು.'

ನಾನು ಕಟ್ಟಿ ಹೇಳಿದ್ದು ತೆರೆಯ ಮೇಲೆ ಬಯಲಾಗುವುದಿತ್ತು. ಮರುದಿನ ಕಾಲೇಜಿನ ಗ್ರಂಥಾಲಯದ ಮೂಲೆಯಲ್ಲಿ, ಮುಂದೆ ಒಂದು ದಪ್ಪ ಪುಸ್ತಕ ತೆರೆದಿಟ್ಟು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಆ ದೃಶ್ಯವನ್ನು ಹುಡುಕಿ ನೋಡಿದೆ. ಗುಹೆ ಬಂತು. ಮಾಂತ್ರಿಕ ಬಂದ. ರಾಜಕುಮಾರಿ ಕೈಮುಗಿದು ಹೇಳಿದ್ದು ಇಷ್ಟು: ತಾನೊಂದು ವ್ರತ ಹಿಡಿದಿದ್ದೇನೆ, ಆರು ತಿಂಗಳು ತನ್ನನ್ನು ಮುಟ್ಟಬಾರದು. ಓದು ಇಲ್ಲ, ಎರಡು ವರ್ಷ ಇಲ್ಲ. 'ವ್ರತಂ' ಎಂಬ ಶಬ್ದವನ್ನು ಆಕೆ ಒಂದಲ್ಲ ಮೂರು ಸಲ, ಎರಡು ಕೈ ಎತ್ತಿ, ತುಟಿ ಅಗಲಿಸಿ ಹೇಳುತ್ತಾಳೆ. ಇದನ್ನು ತಿಳಿಯಲು ತೆಲುಗು ಬರಬೇಕಾಗಿಯೇ ಇಲ್ಲ. ಅಕ್ಕನಿಗೆ ಮೊದಲ ಸಲಕ್ಕೇ ತಿಳಿಯುತ್ತದೆ. ಮೂವತ್ತೈದು ವರ್ಷ ಸುಳ್ಳು ಹೇಳಿದೆನಲ್ಲ ಎಂದು ಆಕೆ ಅಂದುಕೊಳ್ಳುತ್ತಾಳೆ. ಕುರುಗೋಡಿನಲ್ಲಿ ಹುಲಿಗೆಮ್ಮನಿಗೂ ತಿಳಿಯುತ್ತದೆ. ಟೀಚರಮ್ಮ ಕತೆ ಕಟ್ಟುತ್ತಾರೆ ಎಂದಾದ ಮೇಲೆ ಆ ಹುಡುಗಿಯ ನರ್ಸಿಂಗ್ ಎಲ್ಲಿಗೆ ಬಂತು? ಇಷ್ಟು ದೂರ ಯೋಚಿಸಿದ ನಾನು ಇನ್ನೊಂದು ಹೆಜ್ಜೆ ಯೋಚಿಸಲಿಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಸತ್ಯ ಹೇಳಿಬಿಡಬೇಕು ಎಂದು ನಾಲ್ಕು ದಿನ ಪ್ರಯತ್ನಪಟ್ಟೆ. ಚಹಾದ ಹೊತ್ತಿಗೆ ಬಾಯಿ ತೆರೆದರೆ ಅಕ್ಕ ತನ್ನ ಹುಡುಗಿಯರ ಸುದ್ದಿ ತೆಗೆಯುತ್ತಿದ್ದಳು. ಒಬ್ಬಳು ಬಸ್ ಕಂಡಕ್ಟರ್ ಆಗಿ ಬಳ್ಳಾರಿ ರೂಟಿನಲ್ಲಿದ್ದಾಳೆ, ಅಕ್ಕನಿಗೆ ಎದ್ದು ಸೀಟು ಬಿಡಿಸಿಕೊಡುತ್ತಾಳೆ. ಇನ್ನೊಬ್ಬಳು ಕಣ್ಣಾಸ್ಪತ್ರೆಯಲ್ಲೇ ಸಿಕ್ಕು ಕಾಲಿಗೆ ಬಿದ್ದಳು. ಇಂಥ ಮಾತಿನ ನಡುವೆ ರಾಜಕುಮಾರಿಯ ವ್ರತ ತರುವುದು ಹೇಗೆ? ಸತ್ಯ ಹೇಳಲಾಗದವನು ಮಾಡುವ ಕೆಲಸಕ್ಕೆ ಇಳಿದೆ. ಶನಿವಾರ ಸಂಜೆ, ನೆಟ್ ಸರಿಯಾಗಿ ಬರುತ್ತಿಲ್ಲ ಎಂದೆ. ಪಲ್ಲವಿ ತನ್ನ ಫೋನಿನಿಂದ ಕೊಡುತ್ತೇನೆ ಎಂದಳು. ಇಂಥ ಹಳೆಯ ಪ್ರಿಂಟು ನೋಡಿದರೆ ಅಕ್ಕನ ಕಣ್ಣಿಗೆ ಆಯಾಸ, ಡಾಕ್ಟರು ಬೈಯುತ್ತಾರೆ ಎಂದೆ. ಡಾಕ್ಟರಿಗೆ ಕೇಳಿಯೇ ಬಂದಿದ್ದೇನೆ ಎಂದಳು ಅಕ್ಕ. ಕೊನೆಗೆ ರಿಮೋಟಿನ ಸೆಲ್ ಎರಡನ್ನೂ ತೆಗೆದು ಕಿಸೆಗೆ ಹಾಕಿಕೊಂಡೆ. ವಿಶ್ವವಿದ್ಯಾಲಯದ ಪದವಿ ಪಡೆದವನೊಬ್ಬ ಐವತ್ತೆರಡನೆಯ ವಯಸ್ಸಿನಲ್ಲಿ ಇದಕ್ಕಿಂತ ಜಾಣ ಉಪಾಯ ಮಾಡಬಹುದಿತ್ತು ಎಂದು ನನಗೂ ಅನ್ನಿಸಿದೆ.

ಭಾನುವಾರ ಬೆಳಿಗ್ಗೆ ವೀಣಾ ಬಟ್ಟೆ ವಾಷಿಂಗ್ ಮಶೀನಿಗೆ ಹಾಕುವಾಗ ಸೆಲ್ಲು ಸಿಕ್ಕವು. ಆಕೆ ಅವನ್ನು ಅಂಗೈಯಲ್ಲಿಟ್ಟುಕೊಂಡು ಬಂದು ನನ್ನ ಮುಂದೆ ಹಿಡಿದಳು.

'ಇವು ನಿಮ್ಮ ಅಂಗಿ ಕಿಸೆದಾಗ ಏನ್ ಮಾಡಾಕತ್ತಿದ್ವು?'

ಎಲ್ಲವನ್ನೂ ಹೇಳಿದೆ. ವೀಣಾ ಕೇಳಿಸಿಕೊಂಡು, ಬಟ್ಟೆಯ ಬುಟ್ಟಿ ಕೆಳಗಿಟ್ಟು, ಇದಕ್ಕಾಗಿ ನಲವತ್ತಮೂರು ವರ್ಷ ಒಳಗೊಳಗೇ ಕೊರಗಿದಿರೇ ಎಂದು ಕೇಳಿದಳು. ನಾನು ಕೊರಗಿದ್ದಷ್ಟೇ ಅಲ್ಲ, ಹೆಮ್ಮೆಪಟ್ಟಿದ್ದೂ ಇದೆ ಎಂದು ಹೇಳಲಿಲ್ಲ. 'ಸಿನಿಮಾ ಶುರು ಆಗೋ ಮುಂಚೆ ಹೇಳಿಬಿಡ್ರಿ,' ಅಂದಳು. 'ಆಕಿ ನಿಮ್ಮ ಅಕ್ಕ ಅದಾಳ, ಮಾಂತ್ರಿಕ ಅಲ್ಲ.'

ಊಟವಾಯಿತು. ಸಿನಿಮಾ ಶುರುವಾಯಿತು. ನಾನು ಹೇಳಲಿಲ್ಲ. ಮಂಚ ಹಾರಿತು, ಅದರ ದಾರ ಈಗಿನ ಟಿವಿಯಲ್ಲಿ ಹಗ್ಗದಷ್ಟು ದಪ್ಪ ಕಂಡಿತು. ಪಲ್ಲವಿ ನಕ್ಕಳು. ಮೊಸಳೆ ಬಂದಾಗ ಅಕ್ಕ ಹಳೆಯ ಪರಿಚಯದವರನ್ನು ನೋಡಿದ ಹಾಗೆ, 'ಬಂತಪಾ' ಅಂದಳು. ಗುಹೆ ಬಂತು. ಅಕ್ಕ ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಾಗಿದಳು. ರಾಜಕುಮಾರಿ ಕೈಮುಗಿದಳು. ವ್ರತಂ ಅಂದಳು. ಮತ್ತೆ ವ್ರತಂ ಅಂದಳು. ಮೂರನೆಯ ಸಲ ಅನ್ನುವ ಹೊತ್ತಿಗೆ ನಾನು ಎದ್ದು ನಿಂತಿದ್ದೆ.

'ಅಕ್ಕಾ, ತಪ್ಪು ನಂದು. ಓದು ಅಂದದ್ದು ಆಕಿ ಅಲ್ಲ. ನನಗ ತಿಳೀಲಿಲ್ಲ, ಬೆಂಚಿನ ಮ್ಯಾಲ ನಿಂತು ಕಟ್ಟಿ ಹೇಳಿಬಿಟ್ಟೆ.'

ಅಕ್ಕ ಪಲ್ಲವಿಗೆ, ಸ್ವಲ್ಪ ನಿಲ್ಲಿಸು ಎಂದು ಕೈಸನ್ನೆ ಮಾಡಿದಳು. ಮಾಂತ್ರಿಕ ಗಡ್ಡಕ್ಕೆ ಕೈ ಹಾಕಿದವನು ಹಾಗೆಯೇ ನಿಂತ. ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

'ನೀ ಹೇಳಿದ್ಯಾ?'

'ಹೂಂ.'

'ಲೇ ತಮ್ಮಾ, ಇಂಟರ್ವಲ್‌ನಾಗ ಮೂರು ಮಿರ್ಚಿ ತಿಂದು ನನ್ನ ತೊಡಿ ಮ್ಯಾಲ ಮಲಗಿದ್ಯಲ್ಲೋ. ಸಿನಿಮಾ ಬಿಟ್ಟ ಮ್ಯಾಲ ನಿನ್ನ ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಬಂದಾಕಿ ನಾನು. ನನ್ನ ಹೊಸಾ ಲಂಗಕ್ಕ ಎಣ್ಣಿ ಕಲಿ ಆಗಿತ್ತು, ಅವ್ವ ಬೈದಿದ್ಲು.'

ನಾನು ಕುಳಿತೆ. ವೀಣಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದು ಕಣ್ಣಂಚಿನಲ್ಲಿ ಕಂಡಿತು. ಅಕ್ಕ ನಿಧಾನವಾಗಿ, ಮಕ್ಕಳಿಗೆ ಮಗ್ಗಿ ಹೇಳಿಕೊಡುವ ದನಿಯಲ್ಲಿ, ಎಲ್ಲ ಹೇಳಿದಳು. ಇಂಟರ್ವಲ್ ತನಕ ನಾನು ಕತೆ ಹೇಳಿದ್ದು ನಿಜ. ಆಮೇಲೆ ಕತೆ ಹೇಳುವವನಿಲ್ಲದೆ ಹೆಂಗಸರು ಗುಜುಗುಜು ಮಾಡಿದರು. ಆಗ ಅಕ್ಕ ಹೇಳತೊಡಗಿದಳು. ಗುಹೆ ಬಂದಾಗ ಹೇಳಿದಳು: ಓದು, ಎರಡು ವರ್ಷ. ಅವ್ವನ ಮುಖ ನೋಡುವ ಧೈರ್ಯವಿಲ್ಲದೆ ತೆರೆಯನ್ನೇ ನೋಡುತ್ತಾ ಹೇಳಿದಳು.

ಆದರೆ ಅವ್ವನಿಗೂ ಹೆಂಗಸರಿಗೂ ಗೊತ್ತಾಗಲಿಲ್ಲವೇ, ಎಂದು ನಾನು ಕೇಳಿದೆ. ನಾನು ಯೋಚಿಸದೆ ಬಿಟ್ಟಿದ್ದ ಹೆಜ್ಜೆ ಇದೇ.

'ವ್ರತ ಅನ್ನೋ ಮಾತು ಅವ್ವಗ ತಿಳೀಲಿಲ್ಲ ಅಂತ ಮಾಡಿಯೇನು? ವರ್ಷಕ್ಕ ಹತ್ತು ವ್ರತ ಮಾಡಾಕಿ ಆಕಿ,' ಅಂದಳು ಅಕ್ಕ. 'ಎಲ್ಲಾರಿಗೂ ತಿಳಿದಿತ್ತು. ನಾ ಹೇಳಿದ ಕೂಡ್ಲೆ ಅವ್ವ, ಮುಂದೇನಾತು ಹೇಳು ಅಂದ್ಲು. ಅಷ್ಟ. ಮನಿಗೆ ಹೋಗಿ ಅಪ್ಪನ ಮುಂದ ಹೇಳಿದ್ಲಲ್ಲ, ಅದು ಗೊತ್ತಿದ್ದು ಹೇಳಿದ್ದು. ದಾರ ಎಲ್ಲಾರಿಗೂ ಕಂಡಿತ್ತು ತಮ್ಮಾ. ಅಪ್ಪ ಒಬ್ಬಾವ ಸಿನಿಮಾ ನೋಡಿರಲಿಲ್ಲ.'

ನಲವತ್ತಮೂರು ವರ್ಷ ನನ್ನದೆಂದುಕೊಂಡಿದ್ದ ಮಾತು, ಐದು ನಿಮಿಷದಲ್ಲಿ ನನ್ನ ಕೈಬಿಟ್ಟು ಹೋಯಿತು. ಬೆಂಚಿನ ಮೇಲೆ ನಿಂತು ಆ ಮಾತು ಹೇಳಿದ ನನ್ನ ದನಿ ಇನ್ನೂ ಕಿವಿಯಲ್ಲಿದೆ. ಅದನ್ನು ಏನು ಮಾಡಬೇಕೆಂದು ಈಗಲೂ ತಿಳಿಯುತ್ತಿಲ್ಲ. ನಿದ್ದೆಯಲ್ಲಿ ಅಕ್ಕನ ದನಿ ಕೇಳಿ, ಅದಕ್ಕೆ ನನ್ನ ದನಿ ಜೋಡಿಸಿಕೊಂಡೆನೋ ಏನೋ. ಅಕ್ಕನ ಶಾಲಿನ ತುದಿಯನ್ನು ಮನಸ್ಸಿನಲ್ಲಿ ಮಡಿಸಿ ವಾಪಸು ಕೊಟ್ಟೆ. ಎಲ್ಲ ಗೊತ್ತಿದ್ದೂ ಈ ಸಿನಿಮಾ ಯಾಕೆ ಹುಡುಕಿಸಿದೆ, ಎಂದು ಕೊನೆಗೆ ಕೇಳಿದೆ.

'ಆಕಿ ಬಾಯಿ ಎಷ್ಟೊತ್ತು ಆಡತೈತಿ ಅಂತ ನೋಡಬೇಕಿತ್ತು,' ಅಂದಳು. 'ನನ್ನ ಮಾತು ಅಷ್ಟರಾಗ ಹಿಡೀಬೇಕಲ್ಲ.'

ಪಲ್ಲವಿ ಆ ದೃಶ್ಯವನ್ನು ನಾಲ್ಕು ಸಲ ಹಾಕಿದಳು. ಅಕ್ಕ ನಾಲ್ಕು ಸಲವೂ ತುಟಿ ಅಲುಗಿಸದೆ ಮನಸ್ಸಿನಲ್ಲೇ ಅಳತೆ ತೆಗೆದುಕೊಂಡಳು. ಮೂರು ಸಲ ವ್ರತಂ ಅಂದದ್ದು ಆಕೆಗೆ ಬಹಳ ಅನುಕೂಲವಾಯಿತು. ನರ್ಸಿಂಗ್ ಕೋರ್ಸು ಮೂರು ವರ್ಷಕ್ಕಿಂತ ಮೇಲಂತೆ. ಎರಡು ವರ್ಷ ಎಂದರೆ ಸಾಲುವುದಿಲ್ಲ.

ಶನಿವಾರ ಬೆಳಿಗ್ಗೆ ನಾನು ಲ್ಯಾಪ್‌ಟಾಪ್ ಚೀಲ ಹೊತ್ತುಕೊಂಡು ಕುರುಗೋಡಿನ ಬಸ್ಸು ಹತ್ತಿದೆ. ನನ್ನ ಕೆಲಸ ಸಿನಿಮಾ ಹಾಕುವುದು, ದನಿ ಬಂದ್ ಮಾಡುವುದು. ಗುಹೆ ಬಂದಾಗ ಮಾತ್ರ ಬಂದ್ ಮಾಡಿದರೆ ಅನುಮಾನ ಬರುತ್ತದೆ, ಮೊದಲಿಂದಲೇ ಬಂದ್ ಮಾಡು, ಕತೆಯನ್ನೆಲ್ಲ ನಾನೇ ಹೇಳುತ್ತೇನೆ ಎಂದಿದ್ದಳು ಅಕ್ಕ. ಅದಕ್ಕಿಂತ ದೊಡ್ಡ ಕೆಲಸವೊಂದನ್ನು ನನಗೆ ನಾನೇ ವಹಿಸಿಕೊಂಡಿದ್ದೆ. ಒಂಬತ್ತನೆಯ ವಯಸ್ಸಿನಲ್ಲಿ ತಪ್ಪಿಹೋದ ಆ ಮಾತನ್ನು ಈ ಸಲ ಅಕ್ಕನ ಬಾಯಿಂದಲೇ ಕೇಳಬೇಕು, ಕೇಳಿದ್ದನ್ನು ಕೇಳಿದ ಹಾಗೆಯೇ ಡೈರಿಯಲ್ಲಿ ಬರೆದಿಡಬೇಕು. ಕೈಯಲ್ಲಿ ಪೆನ್ನು, ತೊಡೆಯ ಮೇಲೆ ನೋಟ್‌ಬುಕ್ಕು ಇಟ್ಟುಕೊಂಡೇ ಕುಳಿತೆ. ಶಾಲೆಯ ಹಿಂದೆ ಕುರುಗೋಡಿನ ಬೆಟ್ಟ. ಒಂದರ ಮೇಲೊಂದು ಬಂಡೆ ಇಟ್ಟು ಮಾಡಿದ್ದು ನೋಡಿದರೆ, ಯಾವುದಾದರೂ ಮಾಂತ್ರಿಕನ ಸಿನಿಮಾಕ್ಕೆ ರಟ್ಟಿನಲ್ಲಿ ಮಾಡಿ ಇಟ್ಟು ಹೋದ ಹಾಗಿತ್ತು. ಕಿಟಕಿಗಳಿಗೆ ಜಮಖಾನ ಕಟ್ಟಿ ಕತ್ತಲು ಮಾಡಿದ್ದರು. ಐವತ್ತು ಅರವತ್ತು ತಾಯಂದಿರು, ಅವರ ಹುಡುಗಿಯರು. ಮೂರನೆಯ ಸಾಲಿನಲ್ಲಿ ಹುಲಿಗೆಮ್ಮ, ಪಕ್ಕದಲ್ಲಿ ಮಗಳು. ಸಭೆಗೆ ಮೊದಲು ಎಲ್ಲರಿಗೂ ಒಗ್ಗರಣೆ ಮಂಡಕ್ಕಿ ಮತ್ತು ಮಿರ್ಚಿ ಕೊಟ್ಟಿದ್ದರು.

ದನಿ ಬಂದ್ ಮಾಡಿದೆ. ಅಕ್ಕ ತೆರೆಯ ಪಕ್ಕದಲ್ಲಿ ನಿಂತು ಶುರುಮಾಡಿದಳು: 'ಒಂದೂರಾಗ ಒಬ್ಬ ರಾಜ ಇದ್ದ...' ಕತ್ತಲು, ಸೆಕೆ, ಫ್ಯಾನಿನ ಸದ್ದು, ಏರಿಳಿತವಿಲ್ಲದ ಆ ಪರಿಚಿತ ದನಿ. ಮಂಚ ಹಾರಿದ್ದು ನೋಡಿದೆ. ದಾರವನ್ನೂ ನೋಡಿದೆ. ಮೊಸಳೆ ನೀರಿನಿಂದ ಮೇಲೆದ್ದಿತು.

ಚಪ್ಪಾಳೆಗೆ ಎಚ್ಚರವಾಯಿತು.

ಜಮಖಾನ ಬಿಚ್ಚುತ್ತಿದ್ದರು, ಕಣ್ಣಿಗೆ ಬೆಳಕು ಚುಚ್ಚಿತು. ಪೆನ್ನು ಎಲ್ಲೋ ಉರುಳಿ ಹೋಗಿತ್ತು. ತೆರೆಯ ಮೇಲೆ ರಾಜಕುಮಾರಿ ಯಾರನ್ನೋ ಮದುವೆಯಾಗಿ ಹೂವಿನ ಮಳೆಯಲ್ಲಿ ನಿಂತಿದ್ದಳು. ಓದು ಮುಗಿಸಿಯೇ ಆಗಿದ್ದಾಳೆಂದು ನಂಬಿದೆ. ಗುಂಪು ಕರಗುವಾಗ ಹುಲಿಗೆಮ್ಮ ಮಗಳ ಕೈ ಹಿಡಿದುಕೊಂಡು ನನ್ನ ಹತ್ತಿರ ಬಂದಳು. ದನಿ ಯಾಕೆ ಬರಲಿಲ್ಲ ಎಂದು ಕೇಳಿದಳು. ಮಶೀನು ಕೆಟ್ಟಿತ್ತು ಎಂದೆ.

'ಕೆಟ್ಟದ್ದ ಚೊಲೋ ಆತ್ ಬಿಡ್ರಿ ಸರ,' ಅಂದಳು ಹುಲಿಗೆಮ್ಮ. 'ಈ ಸಿನಿಮಾ ನಾನು ಟಿವ್ಯಾಗ ನಾಕ್ ಸಲ ನೋಡೀನಿ.' ಆಮೇಲೆ ಚಪ್ಪಲಿ ಮೆಟ್ಟುತ್ತಾ, ಅಕ್ಕನ ಕಡೆ ಒಮ್ಮೆ ತಿರುಗಿ ನೋಡಿ, 'ನಮ್ಮ ಮನಿಯವರು ನೋಡಿಲ್ಲ' ಅಂದಳು. 'ಟೀಚರು ಆ ಗುಹೆದಾಗಿಂದು ಎಷ್ಟು ಚಂದ ಹೇಳಿದ್ರು ನೋಡ್ರಿ. ನೀವೂ ಕೇಳಿದ್ರಲ್ಲ?'

ನಾನು ಗಂಭೀರವಾಗಿ ತಲೆಯಾಡಿಸಿದೆ.

ವಾಪಸು ಬರುವ ಬಸ್ಸಿನಲ್ಲಿ, ಅಕ್ಕನ ಹಳೆಯ ವಿದ್ಯಾರ್ಥಿನಿಯಾದ ಕಂಡಕ್ಟರಮ್ಮ ಕಿಟಕಿಯ ಪಕ್ಕದ ಸೀಟು ಕೊಡಿಸಿ, ಸಿನಿಮಾ ಹೇಗಿತ್ತು ಸರ್ ಎಂದು ವಿಚಾರಿಸಿ ಹೋದಳು. ಅಕ್ಕನಿಗೆ ಫೋನ್ ಮಾಡಿ, ರಾಜಕುಮಾರಿ ಈ ಸಲ ಎಷ್ಟು ವರ್ಷ ಕೇಳಿದಳು ಎಂದು ಕೇಳಬಹುದಿತ್ತು. ಕೇಳಿದರೆ ಆಕೆ, ಮಿರ್ಚಿ ಎಷ್ಟು ತಿಂದಿ ಎಂದು ಕೇಳುತ್ತಾಳೆ. ಮುಂದಿನ ಯಾವನಾದರೂ ಚರಿತ್ರಕಾರ ನನ್ನ ಟ್ರಂಕು ತೆಗೆದರೆ ಅವನಿಗೆ ಒಂದು ಲಿಖಿತ ಆಧಾರವಾದರೂ ಇರಲಿ ಎಂದು ನೋಟ್‌ಬುಕ್ಕು ತೆರೆದೆ. ಪಕ್ಕದವರ ಪೆನ್ನು ಇಸಿದುಕೊಂಡು ಬರೆದೆ:

'ಕುರುಗೋಡಿಗೆ ಹೋಗಿದ್ದೆ. ಸಿನಿಮಾ ನೋಡಿದೆ. ಚೆನ್ನಾಗಿತ್ತು. ಮಿರ್ಚಿ ತಿಂದೆ.'